ಏಜೆಂಟರಿಲ್ಲದೆ ಜೀಪಿನ ಆರ್‌ಸಿ ರಿನ್ಯೂವಲ್ ಮಾಡಿಸಿದೆ

ಕೊಡಗಿನಲ್ಲಿ ಹದಿನೈದು ವರ್ಷ ಅಂದರೆ ಜೀಪಿಗೆ ಒಂದು ವಯಸ್ಸೇ ಅಲ್ಲ. ನಮ್ಮ ಶನಿವಾರಸಂತೆ ಕಡೆ ಯಾವ ತೋಟದ ಶೆಡ್ಡಿಗೆ ಹೋದರೂ ಹಳೇ ಮೇಜರ್ ಜೀಪೋ, ಓಮ್ನಿಯೋ, ಮೊಪೆಡ್ಡೋ ಒಂದಾದರೂ ಇರುತ್ತದೆ. ಸುಮ್ಮನೆ ನಿಂತಿರುವುದಿಲ್ಲ, ದುಡಿಯುತ್ತಿರುತ್ತದೆ. ಗೊಬ್ಬರದ ಚೀಲ ಹೊರಬೇಕು, ಕೊಯ್ಲಿನಲ್ಲಿ ಕಾಫಿ ಹಣ್ಣನ್ನು ಕಣಕ್ಕೆ ಇಳಿಸಬೇಕು, ಮಳೆಗಾಲದಲ್ಲಿ ಬೇರೆ ಗಾಡಿ ಹತ್ತದ ಏರಿನ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಆಸ್ಪತ್ರೆಗೆ ತಲುಪಿಸಬೇಕು. ಕಾನೂನಿನ ಲೆಕ್ಕ ಬೇರೆ. ಖಾಸಗಿ ಗಾಡಿಯ ನೋಂದಣಿ, ಅಂದರೆ ಆರ್‌ಸಿ, ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಎಫ್‌ಸಿ ಅಂದರೆ ಬಾಡಿಗೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್, ಆದರೆ ನಮ್ಮಲ್ಲಿ ಇದಕ್ಕೂ ‘ಎಫ್‌ಸಿ ಮಾಡಿಸೋದು’ ಅಂತಲೇ ಹೇಳುತ್ತಾರೆ.

ನನ್ನ ಜೀಪು ರಿಜಿಸ್ಟರ್ ಆದದ್ದು 2009ರ ಸೆಪ್ಟೆಂಬರ್‌ನಲ್ಲಿ. 2024ರ ಸೆಪ್ಟೆಂಬರ್‌ಗೆ ಅವಧಿ ಮುಗಿಯುವುದಿತ್ತು. ಪೇಟೆಯಲ್ಲಿ ಒಬ್ಬ ಏಜೆಂಟರನ್ನು ವಿಚಾರಿಸಿದೆ. ಎಲ್ಲ ಸೇರಿ ಹದಿನಾಲ್ಕು ಸಾವಿರ, ಗಾಡಿ ಒಂದು ದಿನ ತಂದರೆ ಸಾಕು ಅಂದರು. ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಹೇಳಿ ಅಂದರೆ, ‘ರೋಡ್ ಟ್ಯಾಕ್ಸ್ ಮತ್ತೆ ಬರುತ್ತೆ ಸಾರ್, ಅದೇ ಜಾಸ್ತಿ’ ಅಂತ ಉತ್ತರ. ಆ ಮಾತಿನಲ್ಲಿ ನನಗೆ ನಂಬಿಕೆ ಬರಲಿಲ್ಲ. ಲೆಕ್ಕ ಹುಡುಕುತ್ತಾ ಹೋದೆ. ಲೆಕ್ಕ ಕೈಗೆ ಬಂದ ಮೇಲೆ ಕೆಲಸವನ್ನೂ ನಾನೇ ಮಾಡಿಸಬಹುದು ಅನ್ನಿಸಿತು.

ಮೊದಲು ತೆರಿಗೆ ವಿಚಾರ ಹೇಳಿಬಿಡುತ್ತೇನೆ, ಜನ ಹೆಚ್ಚು ಹೆದರುವುದು ಅದಕ್ಕೇ. ಕರ್ನಾಟಕದಲ್ಲಿ ಕಾರು, ಜೀಪು, ಬೈಕುಗಳಿಗೆ ಹೊಸದು ತೆಗೆಯುವಾಗಲೇ ಜೀವಿತಾವಧಿ ತೆರಿಗೆ ಕಟ್ಟಿಸಿಕೊಂಡಿರುತ್ತಾರೆ. ಅದೇನು ಸಣ್ಣ ಮೊತ್ತವಲ್ಲ. ಪೆಟ್ರೋಲ್, ಡೀಸೆಲ್ ಕಾರಿಗೆ ಬೆಲೆ ನೋಡಿಕೊಂಡು ಶೇ 13ರಿಂದ 18ರವರೆಗೆ, ಅದರ ಮೇಲೆ ಸೆಸ್. ಇಡೀ ದೇಶದಲ್ಲಿ ದುಬಾರಿ ತೆರಿಗೆಯ ರಾಜ್ಯಗಳಲ್ಲಿ ನಮ್ಮದೂ ಒಂದು. ಒಮ್ಮೆ ಕಟ್ಟಿದ ಮೇಲೆ, ಅದೇ ಗಾಡಿ ನಮ್ಮ ರಾಜ್ಯದಲ್ಲೇ ಇದ್ದರೆ, ಹದಿನೈದು ವರ್ಷದ ನವೀಕರಣಕ್ಕೆ ಆ ತೆರಿಗೆಯನ್ನು ಮತ್ತೆ ಕೇಳುವುದಿಲ್ಲ. ಹಸಿರು ತೆರಿಗೆ ಒಂದನ್ನು ಕಟ್ಟಬೇಕು. ಐದು ವರ್ಷಕ್ಕೆ ದ್ವಿಚಕ್ರಕ್ಕೆ 250 ರೂಪಾಯಿ, ಕಾರು ಜೀಪುಗಳಿಗೆ 500 ರೂಪಾಯಿ. ಕುಟ್ಟ, ಮಾಕುಟ್ಟದ ಕಡೆಯವರಿಗೆ ಗೊಂದಲ ಆಗುವುದಕ್ಕೆ ಕಾರಣ ಇದೆ. ಗಡಿ ದಾಟಿದರೆ ಕೇರಳದಲ್ಲಿ ಹದಿನೈದು ವರ್ಷವಾದ ಖಾಸಗಿ ಗಾಡಿಗೆ ಐದು ವರ್ಷದ ತೆರಿಗೆಯನ್ನು ಮತ್ತೆ ಕಟ್ಟಬೇಕು. ಅಲ್ಲಿನ ನೆಂಟರು ಹೇಳಿದ ಲೆಕ್ಕವನ್ನೇ ನಮ್ಮ ಗಾಡಿಗೂ ಹಿಡಿದುಕೊಂಡವರನ್ನು ನಾನು ಕಂಡಿದ್ದೇನೆ. ಕೆಎಲ್ ನಂಬರಿನ ಗಾಡಿ ಕೊಂಡು ತಂದು ಇಲ್ಲಿಯ ಕೆಎ 12 ನಂಬರ್ ಮಾಡಿಸುವವರಿಗೆ ಮಾತ್ರ ಗಾಡಿಯ ವಯಸ್ಸಿನ ಮೇಲೆ ನಮ್ಮ ರಾಜ್ಯದ ತೆರಿಗೆ ಬರುತ್ತದೆ.

ಇನ್ನು ನವೀಕರಣದ ಶುಲ್ಕ. ಕಾರು ಜೀಪಿಗೆ ಇದು 600 ರೂಪಾಯಿ ಇತ್ತು. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ, 2022ರ ಏಪ್ರಿಲ್ 1ರಿಂದ 5,000 ಮಾಡಿತು. ಬೈಕಿಗೆ 300 ಇದ್ದದ್ದು 1,000 ಆಯಿತು. ಸ್ಮಾರ್ಟ್ ಕಾರ್ಡಿಗೆ 200. ನನ್ನ ಜೀಪಿಗೆ ಶುಲ್ಕ 5,000, ಹಸಿರು ತೆರಿಗೆ 500, ಕಾರ್ಡ್ 200, ಒಟ್ಟು 5,700. ಇದರ ಹೊರಗೆ ಎಮಿಷನ್ ಟೆಸ್ಟ್, ಅಂಚೆ ಖರ್ಚು ಅಂತ ಚಿಲ್ಲರೆ. ಏಜೆಂಟರು ಹೇಳಿದ ಹದಿನಾಲ್ಕು ಸಾವಿರಕ್ಕೂ ಇದಕ್ಕೂ ಇರುವ ಅಂತರ ನೀವೇ ನೋಡಿ. ಕೊಯ್ಲಿನ ಕಾಲಕ್ಕೆ ಹಲವು ಆಳಿನ ಕೂಲಿ ಅದು.

ಅರ್ಜಿಯನ್ನು ಅವಧಿ ಮುಗಿಯುವುದಕ್ಕೆ ಅರವತ್ತು ದಿನ ಮೊದಲಿನಿಂದ ಹಾಕಬಹುದು. ನಮೂನೆ 25 ಅಂತ ಇದೆ, ಈಗ ಆನ್‌ಲೈನಿನಲ್ಲಿ ಗಾಡಿ ನಂಬರ್, ಚಾಸಿಸ್ ನಂಬರಿನ ಕೊನೆಯ ಐದು ಅಂಕೆ ಹಾಕಿದರೆ ಅದೇ ತುಂಬಿಕೊಂಡು ಬರುತ್ತದೆ. ಓದುವುದಕ್ಕೆ ಸುಲಭ. ನನ್ನ ಕೆಲಸ ನಿಂತಿದ್ದು ಒಟಿಪಿಯಲ್ಲಿ. 2009ರ ದಾಖಲೆಯಲ್ಲಿ ನನ್ನ ಮೊಬೈಲ್ ನಂಬರೇ ಇರಲಿಲ್ಲ, ಗಾಡಿ ಕೊಟ್ಟ ಶೋರೂಮಿನವರ ನಂಬರ್ ಕೂತಿತ್ತು. ಆ ಶೋರೂಮೂ ಈಗಿಲ್ಲ. ನಂಬರ್ ಬದಲಾಯಿಸಲು ಆಧಾರ್ ಹೆಸರೂ ಆರ್‌ಸಿ ಹೆಸರೂ ಒಂದೇ ಇರಬೇಕು. ಆರ್‌ಸಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ತಂದೆಯ ಹೆಸರು ಪೂರ್ತಿಯಾಗಿ ಹಿಂದೆ. ಯಂತ್ರ ಒಪ್ಪಲಿಲ್ಲ. ಕೊನೆಗೆ ಆಧಾರ್, ಆರ್‌ಸಿ, ಇನ್ಶೂರೆನ್ಸ್ ಎಲ್ಲದರ ಪ್ರತಿ ಹಿಡಿದು ನೇರವಾಗಿ ಕಚೇರಿಗೇ ಹೋಗಿ ನಂಬರ್ ಸೇರಿಸಿಕೊಂಡು ಬಂದೆ. ಹಾಗಾಗಿ ಹಳೇ ಗಾಡಿ ಇರುವವರಿಗೆ ನನ್ನ ಮೊದಲ ಮಾತು ಇದೇ: ರಿನ್ಯೂವಲ್ ಇನ್ನೂ ಎರಡು ವರ್ಷ ಇದ್ದರೂ ಪರವಾಗಿಲ್ಲ, ಮೊಬೈಲ್ ನಂಬರನ್ನು ಇವತ್ತೇ ಸರಿ ಮಾಡಿಸಿಕೊಳ್ಳಿ. ಅವಧಿ ಮುಗಿಯುವ ಹೊತ್ತಿಗೆ ಇದು ಗೊತ್ತಾದರೆ, ನೀವು ಓಡಾಡುವ ಅಷ್ಟು ದಿನವೂ ದಂಡದ ಲೆಕ್ಕಕ್ಕೆ ಹೋಗುತ್ತದೆ.

ಸಾಲದ ಗಾಡಿಯಾಗಿದ್ದರೆ ಇನ್ನೊಂದು ಕೆಲಸ ಇರುತ್ತದೆ. ಕಂತು ತೀರಿ ಎಷ್ಟು ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದೇ ಇರುತ್ತದೆ. ಅದನ್ನು ತೆಗೆಸಲು ಬ್ಯಾಂಕಿನ ಸಹಿ ಇರುವ ನಮೂನೆ 35 ಬೇಕು. 2019, 2020ರಲ್ಲಿ ಸರ್ಕಾರಿ ಬ್ಯಾಂಕುಗಳು ಒಂದರೊಳಗೊಂದು ವಿಲೀನವಾದವಲ್ಲ, ಆಗಿನ ಶಾಖೆಗಳು, ಸಾಲದ ಕಡತಗಳು ಎಲ್ಲೆಲ್ಲಿಗೋ ಹೋಗಿವೆ. ನನ್ನ ಹಳೇ ಪಾಸ್‌ಬುಕ್ಕಿನಲ್ಲಿ ಸಾಲ ತೀರಿದ ಪುಟ ಇದ್ದದ್ದರಿಂದ ಕೆಲಸ ಆಯಿತು. ಸಾಲ ತೀರಿದ ದಿನವೇ ಈ ಪತ್ರ ತೆಗೆದುಕೊಳ್ಳುವುದು ಕ್ಷೇಮ.

ಜುಲೈಯಲ್ಲಿ ನನ್ನ ಅರವತ್ತು ದಿನ ಶುರುವಾಯಿತು. 2024ರ ಜುಲೈ ಮಳೆ ನೆನಪಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ಕರೆಂಟ್ ಇಲ್ಲ, ಟವರ್ ಇಲ್ಲ, ಮರ ಬಿದ್ದು ರಸ್ತೆ ಇಲ್ಲ. ಜಿಲ್ಲೆಗೆ ಇರುವ ಆರ್‌ಟಿಒ ಮಡಿಕೇರಿಯಲ್ಲಿ. ಶನಿವಾರಸಂತೆಯಿಂದ ಸೋಮವಾರಪೇಟೆ, ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಹಾದು ಹೋಗಬೇಕು, ಸುಮಾರು ಅರವತ್ತು ಕಿಲೋಮೀಟರ್. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಜನ, ಮನೆ ಎಲ್ಲ ಹೋದ ದಾರಿ ಅದು. ಜೋರು ಮಳೆಯಲ್ಲಿ ಆ ದಾರಿಗೆ ಗಾಡಿ ಇಳಿಸಲು ಈಗಲೂ ಮನಸ್ಸು ಬರುವುದಿಲ್ಲ. ಕುಟ್ಟದವರಿಗೆ ದಾರಿ ಇನ್ನೂ ದೂರ, ಎಂಬತ್ತು ಕಿಲೋಮೀಟರ್ ದಾಟುತ್ತದೆ. ಗಾಡಿಯನ್ನು ಇನ್‌ಸ್ಪೆಕ್ಟರಿಗೆ ತೋರಿಸಲೇಬೇಕಾದ್ದರಿಂದ ಮನೆಯಲ್ಲಿ ಕೂತು ಮುಗಿಸುವ ಕೆಲಸ ಇದಲ್ಲ. ನಾನು ಹಣವನ್ನು ಆನ್‌ಲೈನಿನಲ್ಲಿ ಕಟ್ಟಿ, ರಸೀದಿ ಪ್ರಿಂಟ್ ತೆಗೆದಿಟ್ಟು, ಮಳೆ ಬಿಡುವು ಕೊಡಲಿ ಅಂತ ಕಾದೆ. ಕಾಯುವ ಹೊತ್ತಿನಲ್ಲಿ ಗಾಡಿ ಕೆಲಸ ಹಿಡಿದೆ.

ಇಡೀ ರಿನ್ಯೂವಲ್‌ನಲ್ಲಿ ಗಾಡಿಯ ಮೈ ಮುಟ್ಟಿ ಮಾಡುವ ಕೆಲಸ ಇದು, ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬ್ರೇಕ್ ಇನ್‌ಸ್ಪೆಕ್ಟರ್, ಅಂದರೆ ಗಾಡಿ ಪರೀಕ್ಷೆ ಮಾಡುವ ಆರ್‌ಟಿಒ ಇನ್‌ಸ್ಪೆಕ್ಟರ್, ಮೊದಲು ನೋಡುವುದು ಚಾಸಿಸ್ ನಂಬರ್. ನನ್ನ ಜೀಪಿನಲ್ಲಿ ಅದು ಬಲಗಡೆ ಮುಂದಿನ ಚಕ್ರದ ಒಳಬದಿ, ಚಾಸಿಸ್ ಪಟ್ಟಿಯ ಮೇಲೆ ಕೊರೆದಿದೆ. ಹದಿನೈದು ಮಳೆಗಾಲದ ಕೆಸರು, ಗ್ರೀಸು, ತುಕ್ಕು ಒಂದರ ಮೇಲೊಂದು ಕೂತು ಅಲ್ಲಿ ನಂಬರ್ ಇದೆ ಅನ್ನುವುದೇ ಕಾಣುತ್ತಿರಲಿಲ್ಲ. ಚಕ್ರ ಬಿಚ್ಚಿ, ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒಂದು ರಾತ್ರಿ ಅಲ್ಲೇ ಸುತ್ತಿ ಬಿಟ್ಟೆ. ಬೆಳಗ್ಗೆ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ನಿಧಾನ ಉಜ್ಜಿದರೆ ಪದರ ಪದರವಾಗಿ ಬಿಟ್ಟಿತು. ಇಲ್ಲಿ ತಂತಿ ಬ್ರಷ್, ಗ್ರೈಂಡರ್ ಖಂಡಿತ ಹಾಕಬೇಡಿ. ತುಕ್ಕಿನ ಜೊತೆ ಅಂಕೆಯೂ ಸವೆದುಹೋದರೆ ನಂಬರನ್ನು ತಿದ್ದಿದ್ದಾರೆ ಅನ್ನುವ ಅನುಮಾನ ಬರುತ್ತದೆ, ಅದು ದೊಡ್ಡ ತಲೆನೋವು. ಒಣಗಿದ ಮೇಲೆ ಸೀಮೆಸುಣ್ಣ ತಿಕ್ಕಿ ಒರೆಸಿದೆ. ಸುಣ್ಣ ಕೊರೆದ ಗೆರೆಯಲ್ಲಿ ಮಾತ್ರ ನಿಂತು ಅಂಕೆಗಳು ಬೆಳ್ಳಗೆ ಎದ್ದು ಕಂಡವು. ಅದರ ಮೇಲೆ ತೆಳು ಕಾಗದ ಹಿಡಿದು ಪೆನ್ಸಿಲ್ ಅಡ್ಡ ಹಾಕಿ ತಿಕ್ಕಿದರೆ ನಂಬರ್ ಕಾಗದಕ್ಕೆ ಇಳಿಯುತ್ತದೆ. ಇದೇ ಪೆನ್ಸಿಲ್ ಪ್ರಿಂಟ್. ಎರಡು ಮೂರು ಪ್ರತಿ ತೆಗೆದಿಟ್ಟುಕೊಳ್ಳಿ. ಎಲ್ಲ ಮುಗಿದ ಮೇಲೆ ಆ ಜಾಗಕ್ಕೆ ತೆಳ್ಳಗೆ ಗ್ರೀಸ್ ಹಚ್ಚಿದರೆ ಮುಂದಿನ ಸಲಕ್ಕೆ ಅಂಕೆ ಉಳಿದಿರುತ್ತದೆ.

ಬ್ರೇಕ್ ಕೆಲಸವನ್ನು ನಮ್ಮ ಪೇಟೆಯ ಗ್ಯಾರೇಜಿನಲ್ಲೇ ಮಾಡಿಸಿದೆ. ವೀಲ್ ಸಿಲಿಂಡರ್ ಎರಡು ಸೋರುತ್ತಿದ್ದವು. ಹ್ಯಾಂಡ್ ಬ್ರೇಕ್ ಹೆಸರಿಗೆ ಮಾತ್ರ ಇತ್ತು. ನಮ್ಮ ತೋಟದ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಬದಲು ಚಕ್ರಕ್ಕೆ ಕಲ್ಲು ಕೊಡುವುದೇ ರೂಢಿ. ಇನ್‌ಸ್ಪೆಕ್ಷನ್ ಇಲ್ಲದಿದ್ದರೆ ಅದು ಇನ್ನೂ ಐದು ವರ್ಷ ಹಾಗೇ ನಡೆಯುತ್ತಿತ್ತು. ಆದ್ದರಿಂದ ಗಾಡಿ ಪರೀಕ್ಷೆ ಬೇಡ ಅನ್ನುವವನು ನಾನಲ್ಲ. ಇಂಥ ಇಳಿಜಾರಿನಲ್ಲಿ ಆಳುಗಳನ್ನು ಕೂರಿಸಿಕೊಂಡು ಹೋಗುವ ಗಾಡಿಯ ಬ್ರೇಕನ್ನು ಯಾರಾದರೂ ನೋಡಲೇಬೇಕು. ಹೆಡ್‌ಲೈಟ್, ಇಂಡಿಕೇಟರ್, ವೈಪರ್, ಹಾರ್ನ್, ಕನ್ನಡಿ, ಹಿಂದಿನ ರಿಫ್ಲೆಕ್ಟರ್ ಇವಿಷ್ಟನ್ನು ಮನೆಯಲ್ಲೇ ಒಮ್ಮೆ ನೋಡಿಕೊಂಡರೆ ಅಲ್ಲಿ ಹೋಗಿ ವಾಪಸ್ ಬರುವ ಪ್ರಸಂಗ ಬರುವುದಿಲ್ಲ. ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಿರಬೇಕು. ಇನ್ಶೂರೆನ್ಸ್, ಎಮಿಷನ್ ಎರಡೂ ಚಾಲ್ತಿಯಲ್ಲಿರಬೇಕು.

ನಮ್ಮ ಹುಡುಗರಿಗೆ ಒಂದು ಮಾತು. ದಪ್ಪ ಟೈರು, ಛಾವಣಿ ಮೇಲೆ ಎಲ್‌ಇಡಿ ಪಟ್ಟಿ, ಕಬ್ಬಿಣದ ದೊಡ್ಡ ಬಂಪರ್ ಹಾಕಿದ ಜೀಪನ್ನು ಹಾಗೇ ಒಯ್ಯಬೇಡಿ. ಕಂಪನಿಯಿಂದ ಬಂದ ರೂಪಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಆಗುವ ಹಾಗೆ ಗಾಡಿ ಬದಲಾಯಿಸಬಾರದು ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮೂಲ ಟೈರು ಶೆಡ್ಡಿನಲ್ಲಿದ್ದರೆ ಹಾಕಿಸಿಕೊಂಡೇ ಹೋಗಿ.

ಆಗಸ್ಟ್‌ನಲ್ಲಿ ಮಳೆ ಸ್ವಲ್ಪ ಹೊಳವಾದಾಗ ಮಡಿಕೇರಿಗೆ ಹೋದೆ. ನಂಬರ್ ನೋಡಿದರು, ಓಡಿಸಿ ಬ್ರೇಕ್ ಹಾಕಿಸಿದರು, ಲೈಟ್ ಹಾಕಿಸಿದರು, ಕಾಗದ ಹೊಂದಿಸಿ ನೋಡಿದರು. ಕೈಯಲ್ಲಿ ಎಲ್ಲ ಇದ್ದರೆ ಪರೀಕ್ಷೆಗೆ ಹೆಚ್ಚು ಹೊತ್ತು ಬೇಡ. 2029ರವರೆಗೆ ಅವಧಿ ಇರುವ ಕಾರ್ಡ್ ಆಮೇಲೆ ಅಂಚೆಯಲ್ಲಿ ಮನೆಗೆ ಬಂತು. ದಂಡ ಒಂದು ರೂಪಾಯಿ ಬೀಳಲಿಲ್ಲ.

ನನ್ನ ಕೆಲಸ ಸಲೀಸಾಗಿ ಮುಗಿದದ್ದಕ್ಕೇ ಈ ಬರಹ ಬರೆಯುತ್ತಿಲ್ಲ. ಕಾರ್ಡ್ ಬಂದ ವಿಷಯ ಕೇಳಿ ನವೆಂಬರ್‌ನಲ್ಲಿ ಪಕ್ಕದ ತೋಟದ ಅಜ್ಜ ತಮ್ಮ ಮೊಪೆಡ್ಡಿನ ಆರ್‌ಸಿ ಹಿಡಿದುಕೊಂಡು ಬಂದರು. ‘ಇದನ್ನೂ ಒಂದು ಮಾಡಿಸ್ಕೊಡಪ್ಪ, ಬಾರಿ ಬಾರಿಗೂ ನಿನ್ನೇ ಕರೀಬಾರ್ದು ಅಂತ ಸುಮ್ನಿದ್ದೆ’ ಅಂದರು. ತೆಗೆದು ನೋಡಿದರೆ ಅವಧಿ ಮುಗಿದದ್ದು 2021ರ ನವೆಂಬರ್‌ನಲ್ಲಿ. ಕೊರೊನಾ ಕಾಲಕ್ಕೆ ಕೇಂದ್ರ ಕೊಟ್ಟಿದ್ದ ವಿನಾಯಿತಿ ಆ ವರ್ಷ ಅಕ್ಟೋಬರ್ 31ಕ್ಕೇ ನಿಂತಿತ್ತು, ಅದೂ ಅವರಿಗೆ ಸಿಗುವ ಹಾಗಿರಲಿಲ್ಲ. ತಡವಾದರೆ ದ್ವಿಚಕ್ರಕ್ಕೆ ತಿಂಗಳಿಗೆ 300, ಬೇರೆ ಖಾಸಗಿ ಗಾಡಿಗೆ ತಿಂಗಳಿಗೆ 500. ತಿಂಗಳು ಮುರಿದರೂ ಪೂರ್ತಿ ತಿಂಗಳ ಲೆಕ್ಕ. ಮೂವತ್ತಾರು ತಿಂಗಳಿಗೆ 10,800. ಅದರ ಮೇಲೆ ಶುಲ್ಕ 1,000, ಹಸಿರು ತೆರಿಗೆ 250, ಕಾರ್ಡ್ 200. ಒಟ್ಟು 12,250. ಆ ಮೊಪೆಡ್ಡಿಗೆ ಗುಜರಿಯವನು ಮೂರು ಸಾವಿರ ಕೊಟ್ಟರೆ ಹೆಚ್ಚು.

ನಾನು ಲೆಕ್ಕ ಹೇಳಿದಾಗ ಅಜ್ಜ ಸ್ವಲ್ಪ ಹೊತ್ತು ಕಾರ್ಡನ್ನೇ ತಿರುವಿ ನೋಡಿದರು. ‘ಲೈಫ್ ಟ್ಯಾಕ್ಸ್ ಕಟ್ಟಿದೀನಿ, ಇನ್ಶೂರೆನ್ಸ್ ವರ್ಷಾ ವರ್ಷಾ ಕಟ್ತಾ ಇದೀನಿ. ನನಗೆ ಯಾರೂ ಒಂದು ಕಾಗದ ಹಾಕಲಿಲ್ಲವಲ್ಲ’ ಅಂದರು.

ಆ ಮಾತು ನ್ಯಾಯ. ಇನ್ಶೂರೆನ್ಸ್ ಮುಗಿಯುವ ಮುಂಚೆ ಕಂಪನಿಯವರು ಮೆಸೇಜ್ ಮೇಲೆ ಮೆಸೇಜ್ ಕಳಿಸುತ್ತಾರೆ, ಫೋನ್ ಮಾಡುತ್ತಾರೆ. ಎಮಿಷನ್ ಟೆಸ್ಟ್ ಪದೇ ಪದೇ ಬರುವುದರಿಂದ ತಾನಾಗಿ ನೆನಪಿರುತ್ತದೆ. ಹದಿನೈದು ವರ್ಷಕ್ಕೆ ಒಮ್ಮೆ ಬರುವ ತಾರೀಖನ್ನು ಎಪ್ಪತ್ತು ದಾಟಿದ ಮನುಷ್ಯ ಕಾರ್ಡಿನ ಮೂಲೆಯ ಸಣ್ಣ ಅಕ್ಷರದಲ್ಲಿ ತಾನೇ ಹುಡುಕಿಕೊಳ್ಳಬೇಕು. ಆ ಮೊಪೆಡ್ ಮನೆಯಿಂದ ಹಾಲಿನ ಡೈರಿಗೆ, ಡೈರಿಯಿಂದ ಮನೆಗೆ ಬಿಟ್ಟು ಬೇರೆಲ್ಲೂ ಹೋದದ್ದಲ್ಲ. ಮಳೆಗಾಲದ ಮೂರು ತಿಂಗಳು ಕಣದ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿರುತ್ತದೆ. ದಂಡ ಆ ತಿಂಗಳುಗಳಿಗೂ ಬೀಳುತ್ತದೆ. ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟುವ ಹಳದಿ ಬೋರ್ಡಿನ ಗಾಡಿಯನ್ನು ಓಡಿಸುವುದಿಲ್ಲ ಅಂತ ಮೊದಲೇ ಬರೆದುಕೊಟ್ಟು ತೆರಿಗೆ ಉಳಿಸಿಕೊಳ್ಳಲು ದಾರಿ ಇದೆ. ಮನೆ ಬಳಕೆಯ ಗಾಡಿಯ ನವೀಕರಣ ತಡವಾದರೆ ಅಂಥ ದಾರಿ ಇಲ್ಲ. ಹಳದಿ ಬೋರ್ಡಿನವರ ಕಷ್ಟವೂ ಕಡಿಮೆಯದಲ್ಲ ಅನ್ನಿ. ಎಫ್‌ಸಿ ಮುಗಿದ ಮೇಲೆ ಅವರಿಗೆ ದಿನಕ್ಕೆ 50 ರೂಪಾಯಿ. ಮಳೆಯಲ್ಲಿ ಬಾಡಿಗೆ ಇಲ್ಲದೆ ಮೂರು ತಿಂಗಳು ನಿಂತ ಪಿಕಪ್ಪಿಗೆ 4,500 ಆಗುತ್ತದೆ.

ದಂಡ ಹೀಗೆ ಬೆಳೆದರೆ ಜನ ಏನು ಮಾಡುತ್ತಾರೆ? ಕಟ್ಟುವುದಿಲ್ಲ. ಆರ್‌ಸಿ ಇಲ್ಲದೆಯೇ ಒಳದಾರಿಯಲ್ಲಿ ಓಡಿಸುತ್ತಾರೆ. ತಿಂಗಳು ಕಳೆದಷ್ಟೂ ದಂಡ ಏರುತ್ತದೆ, ಏರಿದಷ್ಟೂ ಮಾಡಿಸುವ ಮನಸ್ಸು ಹಿಂದೆ ಸರಿಯುತ್ತದೆ. ಬ್ರೇಕ್ ನೋಡಬೇಕಾದ ಗಾಡಿಯೇ ಪರೀಕ್ಷೆಯಿಂದ ತಪ್ಪಿಸಿಕೊಂಡು ಓಡಾಡುತ್ತದೆ. ಇದರ ಅಪಾಯ ಓಡಿಸುವವರ ತಲೆ ಮೇಲೇ ಬರುತ್ತದೆ. ತಾತ್ಕಾಲಿಕ ನೋಂದಣಿ ಮುಗಿದಿದ್ದ ಒಂದು ಬೊಲೆರೊ ಕಳುವಾದ ಪ್ರಕರಣದಲ್ಲಿ, ನೋಂದಣಿ ಇಲ್ಲದೆ ಓಡಿಸಿದ ಗಾಡಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿದೆ. ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯವಾಗಿರುವ ನಮ್ಮ ಕಡೆಯವರು ಇದನ್ನು ತಿಳಿದಿರಬೇಕು. ಅಜ್ಜನಿಗೆ ಇದನ್ನು ಹೇಳಿದ ಮೇಲೆ ಅವರು ಮೊಪೆಡ್ ಹತ್ತುವುದನ್ನು ಬಿಟ್ಟರು. ಈಗ ಹಾಲಿನ ಕ್ಯಾನ್ ಅವರ ಸೊಸೆಯ ಕೈಯಲ್ಲಿ ನಡೆದು ಹೋಗುತ್ತದೆ.

2025ರ ಆಗಸ್ಟ್‌ನಲ್ಲಿ ನಿಯಮ ಮತ್ತೆ ಬದಲಾಯಿತು. ಇಪ್ಪತ್ತು ವರ್ಷ ದಾಟಿದ ಕಾರು ಜೀಪಿನ ನವೀಕರಣಕ್ಕೆ 10,000, ದ್ವಿಚಕ್ರಕ್ಕೆ 2,000. ಹಳೇ ಗಾಡಿ ರಸ್ತೆಯಲ್ಲಿ ಕಡಿಮೆಯಾಗಲಿ ಅನ್ನುವ ಉದ್ದೇಶ ಅರ್ಥವಾಗುತ್ತದೆ. ದೊಡ್ಡ ಪಟ್ಟಣದ ಹೊಗೆಗೆ ಅದು ಸರಿ ಇರಬಹುದು. ಬಸ್ಸು ದಿನಕ್ಕೆ ಎರಡು ಸಲ ಬರುವ ಊರಿನಲ್ಲಿ, ಹೊಸ ಗಾಡಿ ಕೊಳ್ಳಲಾಗದ ಸಣ್ಣ ಬೆಳೆಗಾರನಿಗೆ ಅದೇ ಅಳತೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅಜ್ಜನ ಮೊಪೆಡ್ಡಿಗೆ 2026ರ ನವೆಂಬರ್‌ಗೆ ಇಪ್ಪತ್ತು ತುಂಬುತ್ತದೆ. ಆ ಹೊತ್ತಿಗೆ ಅದರ ಮೇಲಿನ ದಂಡವೇ 18,000 ಆಗಿರುತ್ತದೆ.

ನಮ್ಮ ಊರಿನ ಬೆಳೆಗಾರರು ಕೆಲವರು ಸೇರಿ ಒಂದು ಮನವಿ ಬರೆದಿದ್ದೇವೆ. ಶುಲ್ಕದ ನಿಯಮ ಕೇಂದ್ರದ್ದಾದ್ದರಿಂದ ಸಂಸದರಿಗೂ, ಊರೂರಲ್ಲಿ ಇನ್‌ಸ್ಪೆಕ್ಷನ್ ಕ್ಯಾಂಪ್ ನಡೆಸುವ ವಿಷಯ ರಾಜ್ಯದ್ದಾದ್ದರಿಂದ ಸಾರಿಗೆ ಇಲಾಖೆಗೂ ಒಂದೊಂದು ಪ್ರತಿ. ಕೇಳಿರುವುದು ಮೂರೇ. ತಡದ ದಂಡ ಎಷ್ಟೇ ತಿಂಗಳಾದರೂ ನವೀಕರಣದ ಮೂಲ ಶುಲ್ಕವನ್ನು ಮೀರಬಾರದು. ಅವಧಿ ಮುಗಿಯುವ ಅರವತ್ತು ದಿನ ಮೊದಲು ಆರ್‌ಸಿಯ ವಿಳಾಸಕ್ಕೆ ಅಂಚೆಯಲ್ಲಿ ಒಂದು ನೋಟಿಸ್ ಬರಬೇಕು. ಹಳೇ ಖಾಸಗಿ ಗಾಡಿಗಳ ಇನ್‌ಸ್ಪೆಕ್ಷನ್ ಸೋಮವಾರಪೇಟೆ, ಕುಶಾಲನಗರ, ವಿರಾಜಪೇಟೆ, ಪೊನ್ನಂಪೇಟೆಯಲ್ಲಿ ತಿಂಗಳಿಗೊಮ್ಮೆ ನಿಗದಿಯಾದ ದಿನ ನಡೆಯಬೇಕು. ಸಂತೆಯ ದಿನ ಇಟ್ಟರೆ ಇನ್ನೂ ಒಳ್ಳೆಯದು, ಆ ದಿನ ಎಲ್ಲರೂ ಹೇಗೂ ಪೇಟೆಗೆ ಬರುತ್ತಾರೆ.

2011ರಲ್ಲಿ ಗಾಡಿ ತೆಗೆದವರಿಗೆ 2026ರಲ್ಲಿ ಸರದಿ. ಜುಲೈ, ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯುವವರು ಬ್ರೇಕ್ ಕೆಲಸವನ್ನೂ ಚಾಸಿಸ್ ನಂಬರ್ ತೊಳೆಯುವುದನ್ನೂ ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ಮಳೆ ಹಿಡಿದ ಮೇಲೆ ನಮ್ಮ ಕಡೆಯ ಗ್ಯಾರೇಜಿಗೆ ಸ್ಪೇರ್ ಬರುವುದೇ ತಡ. ಪೆನ್ಸಿಲ್ ಪ್ರಿಂಟ್ ತೆಗೆಯುವುದು ಗೊತ್ತಿಲ್ಲದವರು ಶನಿವಾರಸಂತೆ ಸುತ್ತಮುತ್ತ ಇದ್ದರೆ ಒಂದು ಭಾನುವಾರ ಗಾಡಿ ತನ್ನಿ, ಜೊತೆಯಲ್ಲೇ ಕೂತು ತೆಗೆಯೋಣ. ಸೀಮೆಸುಣ್ಣ, ಕಾಗದ ನನ್ನಲ್ಲಿದೆ.